ಪಾಸ್‌ವರ್ಡ್ ಏನು ಅಂದರೆ

ಆ ಭಾನುವಾರ ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡುತ್ತಲೇ ನಾನೊಂದು ಘೋಷಣೆ ಹೊರಡಿಸಿದೆ. ಇವತ್ತಿನಿಂದ ಈ ಮನೆಯ ಲ್ಯಾಪ್‌ಟಾಪು ಯಾರನ್ನೂ ಪಾಸ್‌ವರ್ಡ್ ಕೇಳುವುದಿಲ್ಲ! ಕೇಳಿದರೆ ನನ್ನ ಹೆಸರು ವರ್ಧಮಾನನೇ ಅಲ್ಲ! ಘೋಷಣೆಗೆ ಸಭಿಕರು ಇಬ್ಬರು. ಅವ್ವ ಪದ್ಮವ್ವ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಹೆಂಡತಿ ಮೇಘಾ ಕೌದಿಗಳ ಗಂಟು ಹೊತ್ತು ಮಾಳಿಗೆ ಹತ್ತುತ್ತಿದ್ದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೊದಲು ಆ ಲ್ಯಾಪ್‌ಟಾಪಿನ ಜಾತಕ ಹೇಳಿಬಿಡುತ್ತೇನೆ. ನಾನು ಮೂಡಲಗಿಯಿಂದ ದಿನಾ ಬಸ್ಸು ಹಿಡಿದು ಗೋಕಾಕಕ್ಕೆ ಹೋಗಿ ಕಾಲೇಜಿನ ಹುಡುಗರಿಗೆ ಭೂಗೋಳ ಹೇಳುವವನು. ಲ್ಯಾಪ್‌ಟಾಪು ಕೊಲ್ಹಾಪುರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಬರುವಾಗಲೇ ಅದು ಊರಿನ ವೈರಸ್ಸನ್ನೆಲ್ಲ ಕಟ್ಟಿಕೊಂಡು ಬಂದಿತ್ತು. ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಶಿದ್ಲಿಂಗಪ್ಪ ಅದನ್ನೆಲ್ಲ ತೊಳೆದು ಲಿನಕ್ಸ್ ಹಾಕಿಕೊಟ್ಟ. ಪುಕ್ಕಟೆ, ವೈರಸ್ಸಿನ ಕಾಟವಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದ. ಅವನು ಹೇಳಿದ್ದೆಲ್ಲ ಖರೆಯೇ. ಹೇಳದೆ ಬಿಟ್ಟಿದ್ದು ಒಂದಿತ್ತು. ಮುಚ್ಚಳ ತೆರೆದಾಗಲೆಲ್ಲ ಪರದೆಯ ನಟ್ಟನಡುವೆ ಒಂದು ಚೌಕ ಎದ್ದು ನಿಲ್ಲುತ್ತಿತ್ತು: ಕೀಲಿ ಗೊಂಚಲು ತೆರೆಯಬೇಕು, ಪಾಸ್‌ವರ್ಡ್ ಕೊಡಿ.

ಯಾವ ಗೊಂಚಲು, ಯಾವ ಕೀಲಿ? ನಮ್ಮ ಮನೆಯ ಫೋನಿನ ತಂತಿಗೆ ವೈರ್‌ಲೆಸ್ ಪೆಟ್ಟಿಗೆಯೊಂದನ್ನು ಜೋಡಿಸಿದ್ದಾರೆ. ಅದರ ಪಾಸ್‌ವರ್ಡನ್ನು ಲಿನಕ್ಸ್ ಮಹಾಶಯ ನೆನಪಿಟ್ಟುಕೊಂಡು ಒಂದು ಗೊಂಚಲಿನಲ್ಲಿ ಭದ್ರ ಮಾಡುತ್ತಾನೆ. ಆ ಗೊಂಚಲಿಗೆ ಮತ್ತೊಂದು ಪಾಸ್‌ವರ್ಡು. ಅಂದರೆ ತಿಜೋರಿಗೆ ಬೀಗ ಹಾಕಿ, ಅದರ ಕೀಲಿಕೈಯನ್ನು ಇನ್ನೊಂದು ತಿಜೋರಿಯಲ್ಲಿಟ್ಟ ಹಾಗೆ. ಗೊಂಚಲಿನದು ನಾನೇ ಇಟ್ಟಿದ್ದರಿಂದ ಬಾಯಿಪಾಠವಿತ್ತು. ಆದರೂ ಹಾಲು ಉಕ್ಕಿತೆಂದು ಎದ್ದು ಹೋಗಿ ಬಂದರೆ ಮತ್ತೆ ಕೇಳು, ಕರೆಂಟು ಹೋಗಿ ಬಂದರೆ ಮತ್ತೆ ಕೇಳು. ಒಂದು ದಿನ ಅವ್ವ ಇದನ್ನು ನೋಡಿ, ಇಷ್ಟು ದಿನ ಮನೆಯಲ್ಲಿದ್ದರೂ ಅದಕ್ಕೆ ನಿನ್ನ ಗುರುತು ಹತ್ತಿಲ್ಲವೇನೋ ಎಂದು ಮರುಕ ಪಟ್ಟಿದ್ದಳು. ಆ ಮರುಕ ನನ್ನನ್ನು ಚುಚ್ಚಿತು.

ಆದರೆ ಆ ಭಾನುವಾರ ಮೇಘಾಗೆ ಬೇಕಾಗಿದ್ದು ನನ್ನ ಕ್ರಾಂತಿ ಅಲ್ಲ, ಒಂದು ಮೇಲ್. ಅವಳೂ ಕುಲಗೋಡದ ಅಲ್ಲವ್ವನೂ ಸೇರಿ ಹಳೆಯ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುತ್ತಾರೆ. ಕೊಲ್ಹಾಪುರದಲ್ಲಿ ರಾವಸಾಹೇಬ ಎಂಬವರು ಹೆಂಗಸರ ಕೈಕೆಲಸದ ಮಾರಾಟ ಮೇಳ ಮಾಡುತ್ತಾರೆ. ಅಲ್ಲೊಂದು ಟೇಬಲ್ಲು ಖಾಲಿ ಬಿದ್ದಿತ್ತು. ಭಾನುವಾರ ಸಂಜೆ ಐದರೊಳಗೆ ಕೌದಿಗಳ ಫೋಟೋ ಕಳಿಸಿದರೆ ಟೇಬಲ್ಲು ನಿಮಗೆ, ಇಲ್ಲದಿದ್ದರೆ ಇಚಲಕರಂಜಿಯ ಹೆಣ್ಣುಮಗಳೊಬ್ಬಳು ಕಾಯುತ್ತಿದ್ದಾಳೆ ಎಂದು ಅವರು ಹಿಂದಿನ ದಿನ ಫೋನು ಮಾಡಿದ್ದರು. ಮೇಘಾ ಅಂದು ರಾತ್ರಿ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ. ಮದುವೆಯಾದಾಗಿನಿಂದ ಅವಳು ತನಗಾಗಿ ಇಷ್ಟು ಆಸೆಪಟ್ಟಿದ್ದನ್ನು ನಾನು ಕಂಡಿರಲಿಲ್ಲ. ಫೋಟೋಗಳನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕಿದ್ದೂ ಆಗಿತ್ತು. ಇನ್ನು ಕಳಿಸುವುದೊಂದೇ ಬಾಕಿ.

ಮೇಘಾ ಮಾಳಿಗೆಯ ಮೆಟ್ಟಿಲ ಮೇಲೆ ನಿಂತು, "ಮೊದಲ ನನ್ನ ಮೇಲ್ ಕಳಸ್ರಿ. ನಿಮ್ಮ ರಿಪೇರಿ ಆಮ್ಯಾಲೆ ಮಾಡಿಕೋರಿ," ಎಂದಳು.

ಹೂಂ ಎಂದೆ. ಹೂಂ ಎನ್ನುವುದು ನನ್ನ ಬಾಯಿಯ ಕೆಲಸ. ಅದಕ್ಕೆ ಕಿವಿಯ ಒಪ್ಪಿಗೆ ಬೇಕಾಗಿಲ್ಲ.

ಅಷ್ಟರಲ್ಲಾಗಲೇ ನಾನು ಶಿದ್ಲಿಂಗಪ್ಪನಿಗೆ ಫೋನು ಹಚ್ಚಿದ್ದೆ. ಅವನು ಹುಕ್ಕೇರಿಯಲ್ಲಿ ಅತ್ತೆಯ ಮನೆಯಲ್ಲಿದ್ದ. ಅಳಿಯತನದ ಬಿಗುವಿನಲ್ಲೇ ಉಪಾಯ ಹೇಳಿದ. ಗೊಂಚಲಿನ ಕಡತ ಇಂಥಲ್ಲಿ ಅಡಗಿದೆ, ಅದನ್ನು ಅಳಿಸಿಹಾಕು. ಮುಂದೆ ಹೊಸ ಗೊಂಚಲಿಗೆ ಪಾಸ್‌ವರ್ಡು ಕೇಳುತ್ತದೆ, ಏನೂ ಬರೆಯದೆ ಖಾಲಿ ಬಿಡು. ಮತ್ತೆ ಜನ್ಮದಲ್ಲಿ ಕೇಳುವುದಿಲ್ಲ. ಆಮೇಲೆ ಒಂದು ಮಾತು ಸೇರಿಸಿದ: "ಆದ್ರ ವೈರ್‌ಲೆಸ್ಸಿನ ಪಾಸ್‌ವರ್ಡ ಒಂದ ಸಲ ಕೇಳತೈತ್ರಿ ಸರ್. ಅದು ಗೊತ್ತೈತಲ್ಲ?"

"ನಮ್ಮ ಮನೀದು ನಮಗ ಗೊತ್ತಿಲ್ದ ಏನು," ಎಂದು ನಕ್ಕೆ. ಕಡತವನ್ನು ಅಳಿಸಿದೆ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆ.

ಗೊಂಚಲಿನ ಚೌಕ ಬರಲಿಲ್ಲ! ಎದೆ ಉಬ್ಬಿತು. ಉಬ್ಬಿದ ಎದೆ ಇಳಿಯುವ ಮೊದಲೇ ಮತ್ತೊಂದು ಚೌಕ ಬಂತು. ವೈರ್‌ಲೆಸ್ ಜಾಲದ ಪಾಸ್‌ವರ್ಡ್ ಕೊಡಿ. ಆಗ ನನಗೆ ನೆನಪಾಯಿತು: ಪೆಟ್ಟಿಗೆ ಕೂರಿಸಲು ಆ ಮನುಷ್ಯ ಬಂದ ದಿನ ನಾನು ಪರೀಕ್ಷೆಯ ಕೆಲಸಕ್ಕೆಂದು ಹುಕ್ಕೇರಿಗೆ ಹೋಗಿದ್ದೆ. ಪಾಸ್‌ವರ್ಡ್ ಇಟ್ಟವಳು ಮೇಘಾ. ಲ್ಯಾಪ್‌ಟಾಪಿಗೆ ಅದನ್ನು ಹೇಳಿಕೊಟ್ಟವಳೂ ಅವಳೇ. ಅದು ಏನೆಂದು ಇಷ್ಟು ದಿನ ನಾನು ಕೇಳಿಯೂ ಇರಲಿಲ್ಲ.

ಅದರಲ್ಲೇನು, ಹೆಂಡತಿ ಮಾಳಿಗೆಯ ಮೇಲೆಯೇ ಇದ್ದಾಳಲ್ಲ. ಆದರೆ ಬಾಜೂ ಮನೆಯ ಮಾಲಿಂಗಪ್ಪನ ಹಿಟ್ಟಿನ ಗಿರಣಿ ಶುರುವಾಗಿತ್ತು. ಅದು ಓಡುವಾಗ ನಮ್ಮ ಮನೆಯಲ್ಲಿ ಮಾತೆಲ್ಲ ಜಗಳದ ಸ್ವರದಲ್ಲೇ ನಡೆಯುತ್ತದೆ. ಅಂಗಳದಲ್ಲಿ ನಿಂತು ಕೂಗಿದೆ.

"ಮೇಘಾ, ಪೆಟಗಿ ಪಾಸ್‌ವರ್ಡ ಏನ?"

"ಏನ್ರಿ," ಎಂದಳು ಮೇಲಿನಿಂದ.

ಗಿರಣಿಯ ಸಪ್ಪಳದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಇನ್ನೂ ಜೋರು ಮಾಡಿದೆ. "ಪಾಸ್‌ವರ್ಡ. ವೈರ್‌ಲೆಸ್ ಪೆಟಗೀದು."

"ಹೂನ್ರಿ, ಅದಽ. ಏನ್ರಿ. ಎರಡ ಸಲ."

"ಎರಡ ಸಲ ಅಲ್ಲ, ಇದು ಮೂರನೇ ಸಲ ಕೇಳಾಕತ್ತೇನಿ."

"ಮೂರ ಅಲ್ರಿ. ಎರಡಽ."

ನಾನೇನು ಇವಳ ಹತ್ತಿರ ಲೆಕ್ಕ ಕೇಳಲು ಬಂದಿದ್ದೇನೆಯೇ? ಸಿಟ್ಟು ನೆತ್ತಿಗೇರಿತು. ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಗಂಡ ಎಷ್ಟು ಸಲ ಕೇಳಿದ ಎಂದು ಎಣಿಸುತ್ತ ಕೂತಿದ್ದಾಳೆ, ಹೇಳುವುದಿದ್ದರೆ ಹೇಳು, ಇಲ್ಲದಿದ್ದರೆ ಬಿಡು ಎಂದು ಕೂಗಾಡಿದೆ. ಮೇಘಾ ಸರಸರ ಕೆಳಗಿಳಿದು ಬಂದಳು. ಹೇಳುವಷ್ಟು ಹೇಳಿಯಾಯಿತು, ಇನ್ನು ನಿಮ್ಮ ಕಿವಿಯಲ್ಲಿ ತುರುಕಲು ನನಗೆ ಬರುವುದಿಲ್ಲ ಎಂದಳು. ಕೊನೆಯ ಕೌದಿಯ ಅಂಚು ಮುಗಿಸಬೇಕೆಂದು ಕುಲಗೋಡದ ಬಸ್ಸಿಗೆ ಹೊರಟಳು. ಬಾಗಿಲಲ್ಲಿ ತಿರುಗಿ ನೋಡಿದಳು.

"ಐದರೊಳಗ ಅಷ್ಟ ಕಳಸ್ರಿ. ಮತ್ತೇನೂ ಬ್ಯಾಡ ನನಗ," ಎಂದಳು.

ನನ್ನದರಂತೆಯೇ ಇಂಟರ್‌ನೆಟ್ ಇಲ್ಲದ ಅವಳ ಹಳೆಯ ಮೊಬೈಲು ಕಿಟಕಿಯಲ್ಲೇ ಚಾರ್ಜಿಗೆ ನೇತಾಡುತ್ತಿತ್ತು. ಒಳ್ಳೆಯದೇ ಆಯಿತು, ಇವಳನ್ನು ಕೇಳಲೇಬಾರದು ಎಂದುಕೊಂಡೆ. ಒಂದೇ ಮನೆಯಲ್ಲಿ ಬದುಕಿದ ಹೆಂಡತಿಯ ಮನಸ್ಸಿನಲ್ಲಿರುವ ಒಂದು ಶಬ್ದವನ್ನು ಊಹಿಸಲಾರದ ಗಂಡ ನಾನಲ್ಲ!

ಊಹೆಯ ಮಹಾಯಾತ್ರೆ ಆರಂಭವಾಯಿತು. ಮೊದಲು ಸಹಜವಾಗಿಯೇ ನನ್ನ ಹೆಸರು ಬರೆದೆ. ಚೌಕ ಸ್ವಲ್ಪ ಹೊತ್ತು ಗರಗರ ತಿರುಗಿ, ಖಾಲಿಯಾಗಿ ಮತ್ತೆ ಬಂತು. ಗಂಡನ ಹೆಸರು ಹೇಳಲು ಸಂಕೋಚಪಡುವವಳು ಬರೆದಿರಲಾರಳು ಎಂದು ಸಮಾಧಾನ ಮಾಡಿಕೊಂಡೆ. ಅವಳ ತವರು ಸಂಕೇಶ್ವರ. ಬರೆದೆ, ಆಗಲಿಲ್ಲ. ಅಲ್ಲಿಯ ಹೊಳೆ ಹಿರಣ್ಯಕೇಶಿಯನ್ನು ಬಗೆಬಗೆಯ ಸ್ಪೆಲ್ಲಿಂಗಿನಲ್ಲಿ ಹರಿಸಿದೆ, ಆಗಲಿಲ್ಲ. ನಮ್ಮದು ಜೈನರ ಮನೆ, ಅವ್ವ ಒಲೆಯ ಹತ್ತಿರ ಉಳ್ಳಾಗಡ್ಡಿಯನ್ನು ಬಿಟ್ಟುಕೊಳ್ಳುವುದಿಲ್ಲ. ಯಾರೂ ಊಹಿಸಬಾರದೆಂದು ಅದನ್ನೇ ಇಟ್ಟಿರಬಹುದೇ? ಅವ್ವ ಅತ್ತ ಹೋದಾಗ ಅದನ್ನೂ ಕದ್ದು ಬರೆದು ನೋಡಿದೆ.

ಸೋತು ಶಿದ್ಲಿಂಗಪ್ಪನಿಗೆ ಮತ್ತೆ ಫೋನು ಮಾಡಿದೆ. ಕನಿಷ್ಠ ಎಂಟು ಅಕ್ಷರ ಇರಲೇಬೇಕು ಸರ್, ಅದಕ್ಕಿಂತ ಕಡಿಮೆಯಿದ್ದರೆ ಒತ್ತುವ ಗುಂಡಿಯೇ ಹೊತ್ತುವುದಿಲ್ಲ ಎಂದ. ಪೆಟ್ಟಿಗೆಯ ಹಿಂದಿನ ತೂತಿಗೆ ಪಿನ್ನು ಚುಚ್ಚಿ ಎಲ್ಲ ಅಳಿಸಲೇ ಎಂದರೆ, ಹಾಗೆ ಮಾಡಿದರೆ ಫೋನಿನ ಇಂಟರ್‌ನೆಟ್ಟೇ ಹೋಗುತ್ತದೆ, ಅವರೇ ಬಂದು ಸರಿಮಾಡಬೇಕು ಎಂದು ಹೆದರಿಸಿದ. ಪೆಟ್ಟಿಗೆಯ ಜೊತೆ ಒಂದು ನೀಲಿ ವೈರು ಕೊಟ್ಟಿರುತ್ತಾರಲ್ಲ, ಅದನ್ನು ನೇರ ಲ್ಯಾಪ್‌ಟಾಪಿಗೆ ಚುಚ್ಚಿದರೆ ಪಾಸ್‌ವರ್ಡೇ ಬೇಡ ಎಂದೂ ಹೇಳಿದ. ಜೀವ ಬಂತು. ಆ ವೈರು ಎಲ್ಲಿದೆ ಎಂದು ಅವ್ವನನ್ನು ಕೇಳಿದೆ. ನಾವಿನ್ನು ವೈರ್‌ಲೆಸ್ಸು, ಇದು ಯಾತಕ್ಕೂ ಬಾರದು ಎಂದು ನೀನೇ ಕೊಟ್ಟೆಯಲ್ಲ ಎಂದಳು. ಅದು ಎರಡು ತುಂಡಾಗಿ ಹಿತ್ತಲಲ್ಲಿ ಹೀರೇಬಳ್ಳಿಗೆ ಚಪ್ಪರ ಹಿಡಿದಿತ್ತು. ಹೀರೇಕಾಯಿ ಚೆನ್ನಾಗಿ ಬಿಟ್ಟಿದ್ದವು.

ಮಧ್ಯಾಹ್ನ ಕಳೆಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಓಡಿಹೋದೆ. ಭಾನುವಾರದ ಬೀಗ. ವಾಪಸು ಬರುವ ದಾರಿಯಲ್ಲಿ ಒಂದು ಹೊಳಹು ಬಂತು. ಧುಪದಾಳ! ಮದುವೆಯಾದ ಹೊಸತರಲ್ಲಿ ನಾವಿಬ್ಬರೇ ಮೊದಲ ಸಲ ಹೋಗಿದ್ದು ಧುಪದಾಳದ ನೀರು ನೋಡಲು. ಒಡ್ಡಿನ ಮೇಲಿಂದ ಬೀಳುವ ನೀರಿನ ತುಂತುರಿಗೆ ಅವಳು ನನ್ನ ಟವೆಲ್ಲನ್ನೇ ತಲೆಗೆ ಹೊದ್ದುಕೊಂಡಿದ್ದಳು. ಇಂಗ್ಲಿಷಿನಲ್ಲಿ ಎಣಿಸಿದರೆ ಸರಿಯಾಗಿ ಎಂಟು ಅಕ್ಷರ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಕಣ್ಣು ತುಂಬಿಕೊಂಡು, ಪ್ರೀತಿಯಿಂದ, ಒಂದೊಂದೇ ಅಕ್ಷರ ಒತ್ತಿದೆ. ಚೌಕ ತಿರುಗಿತು. ಖಾಲಿಯಾಗಿ ಮತ್ತೆ ಬಂತು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಗಡಿಯಾರ ನಾಲ್ಕೂವರೆ ದಾಟಿತ್ತು. ಇಚಲಕರಂಜಿಯ ಆ ಹೆಣ್ಣುಮಗಳು ಟೇಬಲ್ಲಿಗೆ ಬಟ್ಟೆ ಹಾಸುತ್ತಿರುವಂತೆ ಕಂಡಿತು. ಮೇಘಾ ಬಂದು "ಕಳಸಿದ್ರೇನ್ರಿ" ಎಂದು ಕೇಳುವುದು, ನಾನು ಇಲ್ಲ ಎನ್ನುವುದು, ಅವಳು ಕೌದಿಗಳನ್ನು ಮತ್ತೆ ಗಂಟು ಕಟ್ಟಿ ಒಳಗಿಡುವುದು, ಎಲ್ಲ ಕಣ್ಣಮುಂದೆ ನಿಂತವು. ಬೈದಿದ್ದರೆ ತಡೆಯಬಹುದಿತ್ತು. ಬೆಳಿಗ್ಗೆ ಗೊಂಚಲಿನ ಪಾಸ್‌ವರ್ಡನ್ನು ಇನ್ನೊಂದೇ ಸಲ ಒತ್ತಿದ್ದರೆ ಈ ಕೆಲಸ ಆಗಲೇ ಮುಗಿದಿರುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯ ಬಂತು.

ಅವ್ವ ಬಾಜೂಕ್ಕೆ ಬಂದು ಕೂತು, ಅದಿನ್ನೂ ಬಾಗಿಲು ತೆಗೆದಿಲ್ಲವೇನೋ ಎಂದು ಕೇಳಿದಳು. ನಿನ್ನ ಸೊಸೆ ಪಾಸ್‌ವರ್ಡು ಹೇಳದೇ ಹೋದಳು ಎಂದೆ.

"ಹೇಳಿದ್ಲಲ್ಲೋ. ನಾ ಇಲ್ಲೇ ಕುಂತ ಕೇಳೀನಿ."

"ಏನ ಹೇಳಿದ್ಲು?"

"ಏನ್ರಿ."

ನಾನು ದಂಗಾದೆ. ಹುಟ್ಟಿದಂದಿನಿಂದ ಅವ್ವ ನನಗೆ ಏನೋ, ಬಾರೋ, ಕತ್ತೆ ಎಂದದ್ದುಂಟು. ನನಗೆ ನೌಕರಿ ಸಿಕ್ಕ ದಿನವೂ ರಿ ಹಚ್ಚಿ ಮಾತಾಡಿಸಿದವಳಲ್ಲ.

"ಯವ್ವಾ, ನನಗ್ಯಾಕ ರಿ ಹಚ್ಚಾಕತ್ತೀ?"

"ನಿನಗ್ಯಾರ ಹಚ್ಯಾರೋ? ಆಕಿ ಹೇಳಿದ ಮಾತ ಹೇಳೀನಿ. ಪಾಸ್‌ವರ್ಡ ಏನ ಅಂದಿ, ಏನ್ರಿ ಅಂದ್ಲು."

ಗಿರಣಿ ನಿಂತು ಎಷ್ಟೋ ಹೊತ್ತಾಗಿತ್ತು. ಅದರ ಸಪ್ಪಳ ನನ್ನ ತಲೆಯಲ್ಲಿ ನಿಂತಿದ್ದು ಆಗ. ಮೇಘಾ ನನ್ನನ್ನು ಪ್ರಶ್ನೆ ಕೇಳುತ್ತಿರಲಿಲ್ಲ, ಉತ್ತರ ಕೊಡುತ್ತಿದ್ದಳು! ಏನ್ರಿ. ಗಂಡನ ಹೆಸರು ಹಿಡಿಯದ ನಮ್ಮ ಕಡೆಯ ಹೆಂಗಸರಿಗೆ ಗಂಡನ ಹೆಸರೇ ಅದು. ಬೆಳಗಿನಿಂದ ನಾನು ಹುಡುಕಿದ್ದು ನನ್ನನ್ನೇ.

ಇಂಗ್ಲಿಷಿನಲ್ಲಿ ಬರೆದೆ. ಇ, ಎನ್, ಆರ್, ಐ. ನಾಲ್ಕೇ ಅಕ್ಷರ. ಗುಂಡಿ ಹೊತ್ತಲಿಲ್ಲ. ಇನ್ನು ನಾಲ್ಕು ಎಲ್ಲಿಂದ ತರಲಿ ಎಂದು ತಲೆಯ ಮೇಲೆ ಕೈಹೊತ್ತಾಗ ಬೆಳಗಿನ ಉಳಿದ ಮಾತೂ ತಡವಾಗಿ ಕಿವಿಗೆ ಬಿತ್ತು. ಎರಡ ಸಲ. ಮೂರ ಅಲ್ರಿ, ಎರಡಽ. ಅವಳು ಎಣಿಸಿದ್ದು ನನ್ನ ಕೂಗನ್ನಲ್ಲ. ಮತ್ತೆ ಇ, ಎನ್, ಆರ್, ಐ. ಗುಂಡಿ ಹೊತ್ತಿತು. ಚೌಕ ಗರಗರ ತಿರುಗಿ ಮಾಯವಾಯಿತು. ಹೊಸ ಗೊಂಚಲಿಗೆ ಪಾಸ್‌ವರ್ಡು ಕೇಳಿದಾಗ ಶಿದ್ಲಿಂಗಪ್ಪ ಹೇಳಿದಂತೆ ಖಾಲಿ ಬಿಟ್ಟೆ. ಫೋಟೋಗಳು ಒಂದೊಂದಾಗಿ, ನಮ್ಮೂರಿನ ಬಸ್ಸಿನ ವೇಗದಲ್ಲಿ, ಕೊಲ್ಹಾಪುರಕ್ಕೆ ಹೊರಟವು. ಕೊನೆಯದು ಹೋದಾಗ ಐದಕ್ಕೆ ಇನ್ನೂ ಸ್ವಲ್ಪ ಉಳಿದಿತ್ತು.

ಮೇಘಾ ಬರುವ ಹೊತ್ತಿಗೆ ರಾವಸಾಹೇಬರ ಉತ್ತರವೂ ಬಂದಿತ್ತು. ಟೇಬಲ್ಲು ನಿಮ್ಮದು, ಕೌದಿ ಇನ್ನಷ್ಟು ತನ್ನಿ. ಅವಳು ನಿಂತಲ್ಲೇ ಓದಿದಳು, ಮತ್ತೊಮ್ಮೆ ಓದಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಅವ್ವ ದಿನದ ಕಥೆಯನ್ನೆಲ್ಲ ಹೇಳಿದಳು, ನನಗೆ ರಿ ಹಚ್ಚಿದ್ದನ್ನೂ ಸೇರಿಸಿ. ಅತ್ತೆ ಸೊಸೆ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪೆಟ್ಟಿಗೆ ಕೂರಿಸಿದವನು ದಿನಾ ಬಾಯಲ್ಲಿ ಬರುವ ಮಾತನ್ನೇ ಇಡಿ, ಮರೆಯುವುದಿಲ್ಲ ಎಂದಿದ್ದನಂತೆ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತೆವು. ತಾಟಿನ ಬಾಜೂಕ್ಕೆ ಲ್ಯಾಪ್‌ಟಾಪು ಇಟ್ಟುಕೊಂಡು, ಮುಚ್ಚಿ ತೆರೆದು ಮುಚ್ಚಿ ತೆರೆದು ನೋಡುತ್ತಿದ್ದೆ. ಚೌಕ ಬರಲೇ ಇಲ್ಲ. ಹೇಳಿದಂತೆ ಮಾಡಿ ತೋರಿಸಿದೆನಲ್ಲ! ಆ ಹುಮ್ಮಸ್ಸಿನಲ್ಲೇ, ಎಂಟು ಅಕ್ಷರ ತುಂಬಿಸಲು ಬೇರೆ ಏನೂ ಸಿಗಲಿಲ್ಲವೇ, ಅದನ್ನೇ ಯಾಕೆ ಎರಡು ಸಲ ಬರೆದೆ ಎಂದು ಮೇಘಾಳನ್ನು ಕೇಳಿದೆ. ಅವಳು ರೊಟ್ಟಿ ಬಡಿಸುತ್ತ ಏನೋ ಹೇಳಿದಳು. ನಾನು ಮುಚ್ಚಳ ತೆರೆದು ಪರದೆ ನೋಡುತ್ತಿದ್ದೆ.

"ಹಾಂ? ಏನಂದಿ?"

"ಒಂದ ಸಲ ಹೇಳಿದ್ರ ನಿಮಗ ಕೇಳಸೂದಿಲ್ಲ ಅಂದೆ."