ಮಾವನವರ ಎರಡು ನಳ

ನಮ್ಮ ಮಾವನವರು ಹೈದರಾಬಾದಿಗೆ ಹೋಗಿ ಬಂದಾಗಲೆಲ್ಲ ಗಂಗಾವತಿಯ ಅವರ ಮನೆಯಲ್ಲಿ ಒಂದು ಸುಧಾರಣೆ ಆಗುತ್ತಿತ್ತು. ಅದರ ರುಚಿ ಮೊದಲು ನೋಡುವ ಭಾಗ್ಯ ಹಿರಿಯ ಅಳಿಯನಾದ ನನ್ನದು. ನಿಜಾಮರ ಕಾಲದ ಮಾತಿದು. ಇಂಥವು ಎಷ್ಟೋ ನಡೆದವು. ಆದರೆ ನನ್ನ ಹೆಂಡತಿಯ ತಂಗಿಯ ಲಗ್ನವನ್ನೇ ಮುರಿಯಲು ಹೊರಟದ್ದು ಬಚ್ಚಲ ಸುಧಾರಣೆ ಒಂದೇ.

ಒಳಗೊಬ್ಬ, ಹೊರಗೊಬ್ಬ

ಹೈದರಾಬಾದಿನಲ್ಲಿ ಯಾರೋ ದೊಡ್ಡವರ ಮನೆಯಲ್ಲಿ ಮಾವನವರು ಬಿಸಿನೀರಿಗೊಂದು, ತಣ್ಣೀರಿಗೊಂದು ನಳ ಕಂಡರಂತೆ. ಎರಡೂ ತಿರುವಿದರೆ ಒಂದೇ ಕೊಳವೆಯಿಂದ ಹದವಾದ ನೀರು. ಊರಿಗೆ ಬಂದವರೇ ಕಂಚಗಾರನನ್ನು ಕರೆಸಿ ಹಂಡೆಗೊಂದು, ತಣ್ಣೀರ ತೊಟ್ಟಿಗೊಂದು ಹಿತ್ತಾಳೆ ನಳ ಹಾಕಿಸಿದರು. ಹಾಕಿಸಿದ್ದು ಬಚ್ಚಲ ಗೋಡೆಯ ಹೊರಗೆ, ಒಲೆಯ ಪಕ್ಕದಲ್ಲಿ; ಕೊಳವೆಯ ಬಾಯಿ ಮಾತ್ರ ಒಳಗೆ.

“ನಳ ಒಳಗ ಇರಬೇಕಿತ್ತಲ್ರಿ?” ಎಂದೆ.

“ಒಳಗಿಟ್ರ ಬಂದವರೆಲ್ಲ ಬಿಸಿನೀರು ಖಾಲಿ ಮಾಡ್ತಾರ. ಬಂದೋಬಸ್ತ್ ಮನಿಯವರ ಕೈಯಾಗ ಇರಬೇಕು.”

ಸುಡುವುದು ಒಳಗಿದ್ದವನ ಮೈ, ತಿರುವುವುದು ಹೊರಗಿದ್ದವರ ಕೈ. ಸರ್ಕಾರದ ಕಾರಭಾರವೂ ಹಾಗೆಯೇ ಇದ್ದುದರಿಂದ ಊರವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಅತ್ತೆಯವರ ಮರ್ಯಾದೆ

ನಳದ ಉಸ್ತುವಾರಿ ಅತ್ತೆಯವರದು. ಅವರು ಅಳಿಯನ ಜೊತೆ ಮಾತಾಡುತ್ತಿರಲಿಲ್ಲ, ಅವನ ಮಾತು ಕಿವಿಗೆ ಬಿದ್ದರೂ ಕೇಳಿಸಿಕೊಂಡಂತೆ ತೋರಿಸುತ್ತಿರಲಿಲ್ಲ. ಆ ಕಾಲದ ಮರ್ಯಾದೆ. ಹಿರಿಯರ ಎದುರಿಗೆ ಹೆಂಡತಿಯೂ ನನ್ನ ಜೊತೆ ಮಾತಾಡುವಂತಿಲ್ಲ. ಹಾಗಾಗಿ ನಾನು ಗೋಡೆಗೆ ಹೇಳುತ್ತಿದ್ದೆ: “ನೀರು ಭಾಳ ಸುಡ್ತಾವ.”

ಅಡುಗೆಮನೆಯಲ್ಲಿದ್ದ ಹೆಂಡತಿ ಅದನ್ನು ಕೇಳಿ, ಹಿಟ್ಟಿನ ಕೈ ತೊಳೆದು, ಹಿತ್ತಲಿಗೆ ಬಂದು ತಾಯಿಗೆ ತಿಳಿಸಬೇಕು. ಅಷ್ಟರಲ್ಲಿ ಅತ್ತೆಯವರೇ ಅಂದಾಜಿನ ಮೇಲೆ ತಣ್ಣೀರು ಬಿಟ್ಟಿರುತ್ತಿದ್ದರು. ನಾನು ನಡುಗುತ್ತ “ಥಂಡಿ” ಅನ್ನುವ ಹೊತ್ತಿಗೆ ಮೊದಲಿನ “ಸುಡ್ತಾವ” ಹೋಗಿ ಮುಟ್ಟಿ, ಇನ್ನಷ್ಟು ತಣ್ಣೀರು ಬರುತ್ತಿತ್ತು. “ಥಂಡಿ” ಮುಟ್ಟುವಾಗ ನಾನು ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಖಾಲಿ ಬಚ್ಚಲಲ್ಲಿ ಬಿಸಿನೀರು ಧಾರಾಳವಾಗಿ ಹರಿಯುತ್ತಿತ್ತು.

ಬೀಗರ ಜಳಕ

ಹೆಂಡತಿಯ ತಂಗಿಗೆ ಕುಷ್ಟಗಿಯ ವರ ಗೊತ್ತಾಗುವುದರಲ್ಲಿದ್ದ. ಹುಡುಗಿಗೂ ಅವನು ಮನಸ್ಸಿಗೆ ಬಂದಿದ್ದ. ಕೊನೆಯ ಮಾತು ಆಡಲು ವರನ ತಂದೆ ಬಂದರು. ದಾರಿಯ ದೂಳು ತೊಳೆಯಲು ಜಳಕಕ್ಕೆ ಹೋದರು. ಇಷ್ಟು ದೊಡ್ಡ ಅತಿಥಿ ಎಂದು ಮಾವನವರು ಸ್ವತಃ ನಳದ ಮುಂದೆ ನಿಂತರು.

ಒಳಗಿಂದ ದನಿ ಬಂತು: “ಸಾಕ್ರಿ, ಬಿಸಿ ಸಾಕು!”

ನಮ್ಮ ಕಡೆ ಅತಿಥಿ ಸಾಕು ಎಂದಾಗ ನಿಲ್ಲಿಸಿದವರುಂಟೆ? ಎಲೆಗೆ ಇನ್ನೆರಡು ಹೋಳಿಗೆ ಹಾಕುವುದೇ ಪದ್ಧತಿ. ಮಾವನವರು ಬಿಸಿನೀರ ನಳ ಇನ್ನೊಂದು ಸುತ್ತು ತಿರುವಿದರು. “ಸಂಕೋಚ ಮಾಡ್ಕೋಬ್ಯಾಡ್ರಿ!”

“ಸಾಕ್ರೀ ಯಪ್ಪಾ, ಕೈ ಮುಗೀತೀನಿ!”

“ಏ, ಇದೇನ್ರಿ, ನಿಮ್ಮನಿ ಅಂತ ತಿಳೀರಿ!” ಮತ್ತೊಂದು ಸುತ್ತು.

ಬೀಗರು ಒದ್ದೆ ಪಂಚೆಯಲ್ಲಿ, ಸಾಬೂನಿನ ಕಣ್ಣಲ್ಲೇ ಅಂಗಳಕ್ಕೆ ಹಾರಿದರು. ಬೆನ್ನು ಕೆಂಪಗಾಗಿತ್ತು. ಬಾಗಿಲ ಮರೆಯಲ್ಲಿ ಹುಡುಗಿ ಅಳತೊಡಗಿದಳು. ನನಗೂ ಆಗ ನಗು ಬರಲಿಲ್ಲ, ಪಾಪ ಅನ್ನಿಸಿತು. ಮಾವನವರು ಅವಸರದಲ್ಲಿ ಎರಡೂ ನಳ ಬಂದ್ ಮಾಡಿದರು.

ಬೀಗರು ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಕೂತು ಹೇಳಿದರು:

“ಹುಡುಗಿ ಛಲೋ ಅದಾಳ, ಲಗ್ನ ಆಗಲಿ. ವರೋಪಚಾರ ಏನೂ ಬ್ಯಾಡ. ನಮ್ಮ ಹುಡುಗ ಈ ಮನಿಗೆ ಬಂದಾಗೆಲ್ಲ ಹಳ್ಳಕ್ಕ ಹೋಗಿ ಜಳಕ ಮಾಡ್ತಾನ. ಅದೊಂದು ಲಗ್ನದ ಕರಾರಿನ ಯಾದ್ಯಾಗ ಬರದು ಸಹಿ ಹಾಕ್ರಿ.”