ಪದವಿ ನೋಡುವ ಕೆಲಸ

ನಾನು ಹುಟ್ಟಾ ಅಂಜುಬುರುಕಿ. ಲಂಡನ್ನಿನ ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ಟಿಕೆಟ್ ತಪಾಸಣೆಯವನು ಒಳಗೆ ಕಾಲಿಟ್ಟರೆ, ಕೈಯಲ್ಲಿ ತಿಂಗಳ ಪಾಸು ಹಿಡಿದುಕೊಂಡೇ ಬೆವರುತ್ತೇನೆ. ರಸ್ತೆಯಲ್ಲಿ ಹಿಂದಿನಿಂದ ಪೊಲೀಸ್ ಕಾರು ಬಂದರೆ, ನಾನು ನಡೆದುಕೊಂಡು ಹೋಗುತ್ತಿದ್ದರೂ ವೇಗ ಕಡಿಮೆ ಮಾಡುತ್ತೇನೆ. ತಪ್ಪು ಮಾಡದವರು ಹೀಗೇಕೆ ಹೆದರಬೇಕು ಎಂದು ನೀವು ಕೇಳಬಹುದು. ತಪ್ಪು ಮಾಡಿದವರಿಗೆ ಹೆದರಲು ಒಂದೇ ಕಾರಣವಿರುತ್ತದೆ, ಮಾಡದವರಿಗೆ ನೂರೆಂಟು. ಆದರೆ ಈಗ ಹೇಳಹೊರಟ ಪ್ರಸಂಗದಲ್ಲಿ ನಾನು ತಪ್ಪು ಮಾಡದವರ ಪಂಗಡಕ್ಕೆ ಸೇರಿದವಳಲ್ಲ. ಒಂದು ಕಾಗದದ ಮೇಲೆ ಒಂದು ರೈಟು ಗುರುತು ಹಾಕಿದ್ದೆ, ಅಷ್ಟೆ. ಅದಕ್ಕಾಗಿ ಹನ್ನೆರಡು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ತೊಂಬತ್ತರ ದಶಕದ ಮಾತು. ಪಾಲಿಟೆಕ್ನಿಕ್‌ಗಳೆಲ್ಲ ಯೂನಿವರ್ಸಿಟಿಗಳಾಗಿ ಹೊಸ ಬೋರ್ಡು ಹಾಕಿಕೊಂಡಿದ್ದವು. ಲಂಡನ್ನಿನ ವಾಯವ್ಯ ಮೂಲೆಯ ಅಂಥದೊಂದರಲ್ಲಿ ನಾನು ಆಹಾರ ವಿಜ್ಞಾನ ಕಲಿಸುತ್ತಿದ್ದೆ. ಬೋರ್ಡು ಬದಲಾಗಿತ್ತೇ ಹೊರತು ಕಟ್ಟಡ ಅದೇ, ಸೋಮವಾರ ಕೆಡುವ ಲಿಫ್ಟೂ ಅದೇ. ಮನೆ ಹ್ಯಾರೋದಲ್ಲಿ. ಮನೆಯಲ್ಲಿ ಇಬ್ಬರು ಡಾಕ್ಟರು. ನನ್ನ ಗಂಡ ಮೂರ್ತಿ ಮೈಸೂರಿನವರು, ಆಸ್ಪತ್ರೆಯಲ್ಲಿ ಮೂಳೆ ಕೂಡಿಸುವ ಡಾಕ್ಟರು. ನಾನು ವಿಜಾಪುರದವಳು, ಜೋಳದ ಹಿಟ್ಟಿನ ಮೇಲೆ ಪಿಎಚ್‌ಡಿ ಮಾಡಿದ ಡಾಕ್ಟರು. ಕನ್ನಡದವರು ಸೇರುವ ಕಡೆಯಲ್ಲೆಲ್ಲ ಅವರನ್ನು 'ಡಾಕ್ಟ್ರೇ' ಎಂದೂ ನನ್ನನ್ನು 'ಡಾಕ್ಟ್ರ ಮನೆಯವ್ರು' ಎಂದೂ ಕರೆಯುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. ತಿದ್ದಿದರೆ ಯಾವುದರ ಡಾಕ್ಟರು ಎಂದು ಕೇಳುತ್ತಾರೆ, ರೊಟ್ಟಿ ಏಕೆ ಬಿರಿಯುತ್ತದೆ ಎನ್ನುವುದರ ಡಾಕ್ಟರು ಎಂದು ಹೇಳಬೇಕಾಗುತ್ತದೆ. ನನ್ನ ಅವ್ವನಿಗೂ ಅದು ಹಿಡಿಸಿರಲಿಲ್ಲ. "ರೊಟ್ಟಿ ಯಾಕ ಬಿರೀತದ ಅಂತ ತಿಳ್ಕೊಳ್ಳಾಕ ಐದು ವರ್ಷ ಬೇಕಾತೇನು? ನನ್ನ ಕೇಳಿದ್ರ ಐದು ನಿಮಿಷದಾಗ ಹೇಳ್ತಿದ್ನಲ್ಲ, ಎಸರು ಕುದ್ದಿಲ್ಲ ಅಂತ," ಎಂದಿದ್ದಳು.

ಆ ವರ್ಷ ವಸಂತದಲ್ಲಿ ನಮ್ಮ ವಿಭಾಗಕ್ಕೆ ಬೋಧನೆಯ ಗುಣಮಟ್ಟ ನೋಡುವ ತಪಾಸಣೆಯವರು ಬರುವುದಿತ್ತು. ಮುಖ್ಯಸ್ಥೆ ಬಾರ್ಬರಾ ನನ್ನನ್ನು ಕರೆದು, "ವತ್ಸಲಾ, ನೀನು ಅಚ್ಚುಕಟ್ಟು," ಎಂದಳು. ಕಚೇರಿಯಲ್ಲಿ ಯಾರಾದರೂ ನಿಮ್ಮನ್ನು ಅಚ್ಚುಕಟ್ಟು ಎಂದು ಹೊಗಳಿದರೆ ಹಿಂದೆಯೇ ಒಂದು ಫೈಲು ಬರುತ್ತದೆ. ಬಂತು. ವಿಭಾಗದ ಮೂವತ್ತೊಂದು ಮಂದಿ ಅಧ್ಯಾಪಕರ ಪಟ್ಟಿ ಮಾಡಬೇಕು: ಹೆಸರು, ಅತ್ಯುನ್ನತ ಪದವಿ, ಅದನ್ನು ಎಲ್ಲಿ ಗಳಿಸಿದ್ದು. ಕೊನೆಗೆ ಇನ್ನೊಂದು ಸಣ್ಣ ಕಾಲಮ್ಮು: 'ಮೂಲ ಸರ್ಟಿಫಿಕೇಟ್ ನೋಡಿದೆ'. ನೋಡುವವಳೂ ನಾನು, ಗುರುತು ಹಾಕುವವಳೂ ನಾನು.

ಸುಲಭದ ಕೆಲಸ ಎಂದುಕೊಂಡೆ. ಮಾದರಿಗೆ ಇರಲೆಂದು ಮೊದಲು ನನ್ನ ಸಾಲನ್ನೇ ತುಂಬಿದೆ. ಡಾಕ್ಟರ್ ವತ್ಸಲಾ ಮೂರ್ತಿ. ಪಿಎಚ್‌ಡಿ. ಎಲ್ಲಿ ಎನ್ನುವುದಕ್ಕೆ ನಮ್ಮ ಕಡೆಯ ವಿಶ್ವವಿದ್ಯಾಲಯದ ಹೆಸರು. ಕೊನೆಯ ಕಾಲಮ್ಮು ಖಾಲಿ ಬಿಟ್ಟರೆ ಸಾಲು ಕುಂಟಿದಂತೆ ಕಾಣುತ್ತಿತ್ತು. ರೈಟು ಹಾಕಿಬಿಟ್ಟೆ.

ಹಾಕಿದ ಮೇಲೆ ಅದನ್ನೇ ನೋಡುತ್ತ ಕೂತೆ. ಏಕೆಂದರೆ ನನ್ನ ಮೂಲ ಸರ್ಟಿಫಿಕೇಟನ್ನು ನಾನೇ ನೋಡಿರಲಿಲ್ಲ. ನನ್ನ ಮೌಖಿಕ ಪರೀಕ್ಷೆ ಮುಗಿದ ವರ್ಷ ಘಟಿಕೋತ್ಸವದ ವಾರವೇ ನನ್ನ ಮದುವೆ. ಕಪ್ಪು ಗೌನು ಹಾಕಬೇಕಾದ ದಿನ ಧಾರೆ ಸೀರೆ ಉಟ್ಟಿದ್ದೆ. ಕೈಯಲ್ಲಿದ್ದ ತಾತ್ಕಾಲಿಕ ಪ್ರಮಾಣಪತ್ರವನ್ನೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಲಂಡನ್ನಿಗೆ ಬಂದೆ. ಮುಂದಿನ ರಜೆಗೆ ಹೋದಾಗ ತಂದರಾಯಿತು ಎಂದುಕೊಂಡು ಹನ್ನೊಂದು ವರ್ಷ ಕಳೆದಿತ್ತು. ರಜೆಗಳೇನೋ ಬಂದವು, ಮಗಳ ಕಿವಿ ಚುಚ್ಚಿಸುವುದು, ಮೈದುನನ ಮದುವೆ, ಅವ್ವನ ಕಣ್ಣಿನ ಆಪರೇಷನ್ನು. ಪದವಿ ತರಲೆಂದು ಯಾರು ಊರಿಗೆ ಹೋಗುತ್ತಾರೆ?

ಇತ್ತ ಉಳಿದವರ ಸರ್ಟಿಫಿಕೇಟುಗಳು ಒಂದೊಂದಾಗಿ ಬರತೊಡಗಿದವು. ಹೆಸರು ಹೇಳಿದರೆ ಜಗತ್ತೇ ತಲೆಬಾಗುವ ಹಳೆಯ ವಿಶ್ವವಿದ್ಯಾಲಯದಿಂದ ಬಂದ ಒಬ್ಬ, ತನ್ನದನ್ನು ಚೌಕಟ್ಟು ಹಾಕಿಸಿ ಮನೆಯ ಟಾಯ್ಲೆಟ್ಟಿನಲ್ಲಿ ತೂಗುಹಾಕಿದ್ದೇನೆ, ಮೊಳೆ ಕಿತ್ತು ತರಬೇಕು ಎಂದ. ನಾನು ದಂಗಾದೆ. ನಮ್ಮಲ್ಲಿ ದೇವರ ಕೋಣೆಯ ಪಕ್ಕ ಹಾಕುವ ವಸ್ತು ಅದು. ಇಲ್ಲಿ, ಪದವಿ ದೊಡ್ಡದಾದಷ್ಟೂ ಅದನ್ನು ಲೆಕ್ಕಕ್ಕೆ ಇಟ್ಟಿಲ್ಲವೆಂದು ತೋರಿಸಬೇಕಂತೆ. ಪದವಿಯೇ ಕೈಯಲ್ಲಿಲ್ಲದ ನಾನು ಯಾವ ಗೋಡೆಯ ಮೇಲೆ ವಿನಯ ಪ್ರದರ್ಶಿಸಲಿ?

ಎರಡನೇ ವಾರಕ್ಕೆ ಇಪ್ಪತ್ತೊಂಬತ್ತು ಸಾಲು ಸರಿಯಾಗಿ ಭರ್ತಿಯಾದವು. ನನ್ನದು ಕಳ್ಳ ಗುರುತಿನದು, ಮೂವತ್ತನೆಯದು. ಮೂವತ್ತೊಂದನೆಯದು ಡಾಕ್ಟರ್ ಟಾಮ್ಲಿನ್ ಅವರದು. ಅವರು ಫಾರ್ಮು ಮರಳಿಸಿದ್ದರು; ಹೆಸರು ಬರೆದಿದ್ದರು, ಪದವಿ ಮತ್ತು 'ಎಲ್ಲಿ' ಎರಡನ್ನೂ ಖಾಲಿ ಬಿಟ್ಟಿದ್ದರು.

ಕೆನೆತ್ ಟಾಮ್ಲಿನ್ ನಮ್ಮ ವಿಭಾಗದ ಹಿರಿಯರು. ಬ್ರೆಡ್ಡು, ಬಿಸ್ಕತ್ತು ಬೇಯಿಸುವ ಶಾಸ್ತ್ರ ಕಲಿಸುತ್ತಿದ್ದರು. ಹಿಟ್ಟನ್ನು ಬೆರಳಲ್ಲಿ ತಿಕ್ಕಿ ತೇವ ಎಷ್ಟಿದೆ ಎಂದು ಹೇಳಿದರೆ ಯಂತ್ರ ಅವರು ಹೇಳಿದ್ದನ್ನೇ ಹೇಳುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ, ಹುಡುಗರ ಇಂಗ್ಲಿಷ್ ನನಗೆ, ನನ್ನ ಇಂಗ್ಲಿಷ್ ಹುಡುಗರಿಗೆ ತಿಳಿಯದೆ ನಾನು ಬಾತ್‌ರೂಮಿನಲ್ಲಿ ಅಳುತ್ತಿದ್ದ ಕಾಲದಲ್ಲಿ, ಆರು ವಾರ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ನಾನು ಅವಸರ ಮಾಡಿದಾಗಲೆಲ್ಲ ಕೈ ಎತ್ತಿ "ಇನ್ನೊಮ್ಮೆ ಹೇಳುತ್ತೀರಾ?" ಎಂದು ತಮಗೇ ತಿಳಿಯದವರಂತೆ ಕೇಳುತ್ತಿದ್ದವರು ಅವರು. ಅಂಥವರ ಬಾಗಿಲು ತಟ್ಟಿ, ನಿಮ್ಮ ಡಾಕ್ಟರೇಟು ಎಲ್ಲಿಯದು ಎಂದು ಹೇಗೆ ಕೇಳಲಿ? ಮೂರು ಸಲ ಅವರ ಬಾಗಿಲವರೆಗೆ ಹೋಗಿ, 'ಡಾ. ಕೆ. ಟಾಮ್ಲಿನ್' ಎಂಬ ಹಿತ್ತಾಳೆ ಹಲಗೆ ಓದಿ ಹಿಂದಿರುಗಿದೆ.

ಸಂಜೆ ಚಹಾದ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದೆ. "ಅಯ್ಯೋ, ಇದಕ್ಯಾಕೆ ಇಷ್ಟೊಂದು ತಲೆ ಕೆಡಿಸ್ಕೋತೀಯ? ನಿಂಗೆ ಪದವಿ ಬಂದಿರೋದಂತೂ ನಿಜ ತಾನೆ?" ಎಂದರು.

"ನಿಜ. ಆದ್ರೆ ನೋಡಿದೆ ಅಂತ ಬರೆದದ್ದು ಸುಳ್ಳು. ಕೆಲ್ಸದಿಂದ ತೆಗೆದ್ರೆ?"

"ತೆಗೆಯೋಕೆ ಅವ್ರಿಗೇನು ಬೇರೆ ಕೆಲ್ಸ ಇಲ್ವಾ," ಎಂದು ಪೇಪರ್ ತೆರೆದರು. ಮೂಳೆಯ ಡಾಕ್ಟರು, ಮುರಿದದ್ದು ಎಕ್ಸ್‌ರೇಯಲ್ಲಿ ಕಾಣದಿದ್ದರೆ ನೋವಿದೆ ಎಂದು ಒಪ್ಪುವುದಿಲ್ಲ. ಮಗಳು ಹೋಮ್‌ವರ್ಕಿನಿಂದ ತಲೆ ಎತ್ತದೆ, "ಮಮ್, ಜಸ್ಟ್ ರಿಂಗ್ ದೆಮ್," ಎಂದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ನನ್ನ ಪಿಎಚ್‌ಡಿ ಸರ್ಟಿಫಿಕೇಟ್ ಬೇಕಾಗೇದ."

"ಯಾಕ, ಅದು ನಿನ್ನ ಹಂತ್ಯಾಕ ಇಲ್ಲೇನು?"

"ಇಲ್ಲ. ನಾನು ತಗೊಂಡೇ ಇಲ್ಲ."

"ಅಪ್ಪ ಇಡೀ ಓಣಿಗೆ ಪೇಢೆ ಹಂಚಿದ್ನಲ್ಲವಾ. ಮತ್ತ ಅದು ಯಾತಕ್ಕ?"

ಪಾಪ, ರಜೆ ಹಾಕಿ ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಹೋಗಿಬಂದ. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿದ. "ಕಪಾಟದಾಗ ಜ್ವಾಕಿಲೇ ಇಟ್ಟಾರ. ಅಲ್ಲಿ ಒಬ್ಬಾಕಿ ಕ್ಲರ್ಕ್ ಅದಾಳ, ಭಾಳ ಶಾಣೇಕಿ. ಧೂಳ ಝಾಡಿಸಿ ತೋರಿಸಿದ್ಲು. ಕೊಡ್ರಿ ಅಂದ್ರ, ಅವರ ಬಂದು ಸಹಿ ಮಾಡಿ ಒಯ್ಬೇಕು ಅಂದ್ಲು. ಅದೂ ಖರೇನ ಅದ. ಮತ್ತೊಂದು ಮಾತು ಅಂದ್ಲು ನೋಡು. ಇದರಾಗ ಕುಮಾರಿ ವತ್ಸಲಾ ದೇಶಪಾಂಡೆ ಅಂತ ಅದ. ಅಲ್ಲಿ ಮೂರ್ತಿ ಅಂತ ಇದ್ರ, ಇದು ತನ್ನದ ಅಂತ ಆಕಿ ಹೆಂಗ ತೋರಸ್ತಾಳ ಅಂದ್ಲು."

ಈ ಭಯ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಹೊಸದಾಗಿ ಸಿಕ್ಕಿದ್ದಕ್ಕೆ ಅದನ್ನೂ ಜೊತೆಗೆ ಸೇರಿಸಿಕೊಂಡೆ.

ಅದೇ ಮಧ್ಯಾಹ್ನ ಟಾಮ್ಲಿನ್ ತಾವಾಗಿಯೇ ನನ್ನ ಕೋಣೆಗೆ ಬಂದರು. ಬಾಗಿಲು ಹಾಕಿ, ಕುರ್ಚಿಯ ತುದಿಯಲ್ಲಿ ಕೂತರು. "ಫಾರ್ಮು ಖಾಲಿ ಕಳಿಸಿದ್ದು ಮರೆತು ಅಲ್ಲ, ವತ್ಸಲಾ. ನನಗೆ ಡಾಕ್ಟರೇಟಿಲ್ಲ," ಎಂದರು.

ಅವರು ಮುಂದುವರಿಸಿದರು. "ಪಾರ್ಕ್ ರಾಯಲ್‌ನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಓವನ್ ನೋಡಿಕೊಳ್ಳುತ್ತಿದ್ದೆ. ಸಂಜೆ ಇಲ್ಲಿಗೇ ಬಂದು ಡಿಪ್ಲೊಮಾ ಮಾಡಿದೆ, ಕೆಳಗಿನ ಮಹಡಿಯ ಮೂಲೆ ಕೋಣೆಯಲ್ಲಿ. ಆಮೇಲೆ ಇಲ್ಲಿಯವರೇ ಕಲಿಸಲು ಕರೆದರು. ಒಂದು ವರ್ಷ ಟೈಮ್‌ಟೇಬಲ್ಲಿನಲ್ಲಿ ಯಾರೋ ಡಾಕ್ಟರ್ ಎಂದು ಅಚ್ಚು ಹಾಕಿದರು. ಎರಡು ಸಲ ಹೇಳಿದೆ. ಮೂರನೇ ಸಲ ಹೇಳುವಷ್ಟರಲ್ಲಿ ಬಾಗಿಲಿಗೆ ಹಲಗೆ ಬಂದಿತ್ತು. ನಮ್ಮ ತಾಯಿ ಒಮ್ಮೆ ಇಲ್ಲಿಗೆ ಬಂದಿದ್ದಳು. ಆ ಹಲಗೆಯನ್ನು ಕೈಯಿಂದ ಮುಟ್ಟಿ ನೋಡಿದಳು. ಅದಾದ ಮೇಲೆ ಹೇಳುವುದು ಕಷ್ಟವಾಯಿತು."

ನಂತರ ಅವರು ಮೇಜಿನ ಮೇಲಿನ ಪಟ್ಟಿ ನೋಡುತ್ತ, "ಎಲ್ಲರದನ್ನೂ ನೀವೇ ನೋಡಿದಿರೋ?" ಎಂದರು. ಹೌದೆಂದೆ. "ನಿಮ್ಮದನ್ನು ಯಾರು ನೋಡಿದರು?"

ಕೆಣಕಲು ಕೇಳಿದ್ದಲ್ಲ. ಆದರೆ ನನ್ನ ಕಣ್ಣಲ್ಲಿ ನೀರು ಬಂತು. ಮದುವೆ, ಗೌನು, ಪ್ಲಾಸ್ಟಿಕ್ ಚೀಲ, ಕಪಾಟು, ದೇಶಪಾಂಡೆ, ಮೂರ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಪೂರ್ತಿ ಕೇಳಿ, "ಇನ್ನೊಮ್ಮೆ ಹೇಳುತ್ತೀರಾ?" ಎಂದರು. ಈ ಸಲ ನಿಜವಾಗಿಯೂ ತಿಳಿದಿರಲಿಲ್ಲ. ಮತ್ತೊಮ್ಮೆ ನಿಧಾನವಾಗಿ ಹೇಳಿದೆ. "ಹಾಗಾದರೆ ಬಾರ್ಬರಾ ಹತ್ತಿರ ಇಬ್ಬರೂ ಹೋಗೋಣ," ಎಂದು ಎದ್ದರು. "ಒಬ್ಬರೇ ಹೋದರೆ ಅಪರಾಧಿ. ಇಬ್ಬರು ಹೋದರೆ ನಿಯೋಗ."

ಬಾರ್ಬರಾ ಕನ್ನಡಕ ತೆಗೆದು ಕೇಳಿದಳು. ನನ್ನದು ಅರ್ಧ ನಿಮಿಷದಲ್ಲಿ ಮುಗಿಯಿತು. ತಾತ್ಕಾಲಿಕ ಪತ್ರ ಸಾಕು, ಅಲ್ಲಿಂದ ಒಂದು ದೃಢೀಕರಣ ತರಿಸು, ಮದುವೆಯ ದಾಖಲೆ ಜೊತೆಗಿಡು, ಆ ರೈಟು ಮಾತ್ರ ಇವತ್ತೇ ಅಳಿಸು ಎಂದಳು. ಹನ್ನೆರಡು ದಿನ ಹೊತ್ತ ಭಾರವನ್ನು ಯಾರಾದರೂ ಅರ್ಧ ನಿಮಿಷದಲ್ಲಿ ಇಳಿಸಿದರೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಗುತ್ತದೆ. ಟಾಮ್ಲಿನ್ ಅವರದು ಅಷ್ಟು ಬೇಗ ಮುಗಿಯಲಿಲ್ಲ. ಬಾರ್ಬರಾ ಅವರ ಹಳೆಯ ಫೈಲು ತರಿಸಿ ಒಂದೊಂದೇ ಹಾಳೆ ತಿರುವಿದಳು. ಸೇರುವಾಗಿನ ಅರ್ಜಿಯಲ್ಲಿ ಡಿಪ್ಲೊಮಾ ಎಂದೇ ಬರೆದಿದ್ದರು. ಎಲ್ಲಿಯೂ ಡಾಕ್ಟರ್ ಎಂದು ಸಹಿ ಹಾಕಿರಲಿಲ್ಲ. "ಕೆಲಸಕ್ಕೆ ತೊಂದರೆಯಿಲ್ಲ, ಕೆನೆತ್," ಎಂದಳು ಕೊನೆಗೆ. "ಆದರೆ ಆ ಹಲಗೆ ಶುಕ್ರವಾರದೊಳಗೆ ಇಳಿಯಬೇಕು."

ಅವರೇ ಮನೆಯಿಂದ ಸ್ಕ್ರೂಡ್ರೈವರ್ ತಂದು ಇಳಿಸಿದರು. ನಾನು ಪಕ್ಕದಲ್ಲಿ ನಿಂತು ನಾಲ್ಕು ತಿರುಪುಗಳನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಸುದ್ದಿ ಹರಡಲು ತಡವಾಗಲಿಲ್ಲ. ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದು ಟಾಯ್ಲೆಟ್ಟಿನಲ್ಲಿ ಪದವಿ ತೂಗುಹಾಕಿದವನು ಹೇಳಿದ. ಟಾಮ್ಲಿನ್ ಕೆಲವು ವಾರ ಊಟದ ಡಬ್ಬಿಯನ್ನು ಪ್ರಯೋಗಶಾಲೆಯಲ್ಲೇ ತೆರೆದರು. ನಾನೂ ನನ್ನ ಡಬ್ಬಿ ಅಲ್ಲಿಗೇ ಒಯ್ದೆ.

ತಪಾಸಣೆಯವರು ಮೂವರು ಬಂದರು. ಅವರಲ್ಲೊಬ್ಬರು ನನ್ನ ಪಟ್ಟಿ ಹಿಡಿದು 'ಎಲ್ಲಿ' ಎನ್ನುವ ಕಾಲಮ್ಮಿನಲ್ಲಿ ಬೆರಳಿಟ್ಟು ಕೆಳಗಿಳಿಯುತ್ತಿದ್ದರೆ, ಬೆರಳು ನನ್ನ ಸಾಲಿಗೆ ಬಂದಾಗ ನಾನು ಮೇಜಿನ ಅಂಚು ಹಿಡಿದುಕೊಂಡೆ. ಬೆರಳು ಅಲ್ಲಿ ನಿಲ್ಲಲೇ ಇಲ್ಲ. ಟಾಮ್ಲಿನ್ ಸಾಲಿನಲ್ಲಿ ನಿಂತಿತು. "ಡಿಪ್ಲೊಮಾ. ಇದೇ ಸಂಸ್ಥೆ," ಎಂದು ಓದಿ, "ಇವರ ತರಗತಿಯಲ್ಲಿ ಕೂರಬಹುದೇ?" ಎಂದರು. ಹೋದವರು ಒಂದು ಗಂಟೆ ಬಿಟ್ಟು ಕೋಟಿನ ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡು ಬಂದರು, ಊಟಕ್ಕೆ ತಡವಾಗಿದ್ದಕ್ಕೆ ಕ್ಷಮೆ ಕೇಳುತ್ತ. ಮುಂದೆ ಬಂದ ವರದಿಯಲ್ಲಿ ಒಂದು ತರಗತಿಯನ್ನು ಹೊಗಳಿದ್ದರು, ಹೆಸರಿರಲಿಲ್ಲ. ಮೂವತ್ತೊಂದು ಮಂದಿಯ ಪದವಿಗಳ ಬಗ್ಗೆ ಇದ್ದದ್ದು ಒಂದೇ ಮಾತು: ಸಮರ್ಪಕ.

ಆ ಡಿಸೆಂಬರಿನಲ್ಲಿ ಊರಿಗೆ ಹೋಗಿ ಸಹಿ ಮಾಡಿ ಸರ್ಟಿಫಿಕೇಟ್ ತಂದೆ. ಅದರಿಂದೀಚೆಗೆ ಅದನ್ನು ತೋರಿಸಿ ಎಂದು ಯಾರೂ ಕೇಳಿಲ್ಲ. ಇಷ್ಟೆಲ್ಲ ಆದ ಮೇಲೆ ಮನುಷ್ಯರನ್ನು ಅವರ ಪದವಿಯ ಊರಿನಿಂದ ಅಳೆಯುವವಳು ನಾನಲ್ಲ ಎಂದು ನನಗೆ ಗಟ್ಟಿ ನಂಬಿಕೆ ಬಂದಿತ್ತು. ಮುಂದಿನ ಸೆಪ್ಟೆಂಬರಿನಲ್ಲಿ ಹೊಸದಾಗಿ ಸೇರಿದ ಅಧ್ಯಾಪಕಿಯೊಬ್ಬಳನ್ನು ಬಾರ್ಬರಾ ಚಹಾದ ಕೋಣೆಗೆ ಕರೆತಂದು ಪರಿಚಯಿಸಿದಳು. ಲಂಡನ್ನಿನದೇ ಹೌನ್ಸ್ಲೋ ಕಡೆಯವಳು, ಎಳೆಯ ವಯಸ್ಸು. ನಾನು ಹಿರಿಯಳಂತೆ ಮುಂದೆ ಹೋಗಿ ಅವಳ ಕೈ ಹಿಡಿದುಕೊಂಡೆ. ಆತ್ಮೀಯವಾಗಿ ಏನೋ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು, "ಪಿಎಚ್‌ಡಿ ಎಲ್ಲಿ ಮಾಡಿದ್ದು?"

ಟಾಮ್ಲಿನ್ ತಮ್ಮ ಕಪ್ಪಿನಿಂದ ತಲೆ ಎತ್ತಿದರು. ಆ ಹುಡುಗಿ ಯಾವುದೋ ಸಣ್ಣ ಊರಿನ ಹೆಸರನ್ನು ಮೆಲ್ಲಗೆ ಹೇಳಿ, ಅಲ್ಲಿಯ ಸಮುದ್ರತೀರ ಬಹಳ ಚೆನ್ನಾಗಿದೆ ಎಂದು ಅವಸರದಿಂದ ಸೇರಿಸಿದಳು. ಸಮುದ್ರದ ವಿಷಯ ನಾನು ಕೇಳಿರಲಿಲ್ಲ.