ಒಬ್ಬರ ಇಂಟರ್ನೆಟ್ಟಿನಲ್ಲಿ ಮೂವರು: ವಿದೇಶ ಪ್ರವಾಸಿ ಸಿಬ್ಬಂದಿಗೆ ಸೂಚನೆಗಳು

ಸಂಖ್ಯೆ: ವಿ.ಪ್ರ./ಮೊ.ಇಂ./ಹಾ.ಸ್ಪಾ./ಪರಿಷ್ಕೃತದ ಮರುಪರಿಷ್ಕೃತ

ವಿಷಯ: ಇಲಾಖಾ ಕೆಲಸದ ಮೇಲೆ ವಿದೇಶಕ್ಕೆ ತೆರಳುವ ಸಿಬ್ಬಂದಿಯು ಮೊಬೈಲ್ ಇಂಟರ್ನೆಟ್ಟನ್ನು ಆರಿಸಿಕೊಳ್ಳುವ, ಹಂಚಿಕೊಳ್ಳುವ ಹಾಗೂ ಅದರ ಹಿಂದೆ ಓಡುವ ಬಗ್ಗೆ.

ಉಲ್ಲೇಖ:
(ಅ) ಕಡತಗಳ ಧೂಳು ನಿವಾರಣೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿಬಂದ ಮೂವರು ಸದಸ್ಯರ, ಒಂದಕ್ಕೊಂದು ತಾಳೆಯಾಗದ ಮೂರು ವರದಿಗಳು.
(ಆ) ಬೆರಳಚ್ಚುಗಾರ್ತಿಯವರ ಬೀಗಿತ್ತಿಯವರು ಕಚೇರಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆ: "ನಿಮ್ಮ ಆಫೀಸಲ್ಲಿ ಮನುಷ್ಯರು ಇದ್ದೀರೋ, ಇಲ್ಲ ಬರೀ ಕುರ್ಚಿಗಳಿವೆಯೋ?" (ಉತ್ತರದ ಕರಡು ಮೇಲಧಿಕಾರಿಗಳ ಅನುಮೋದನೆಗೆ ಕಾದಿದೆ.)

*

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಪ್ರವಾಸದಲ್ಲಿ ನಡೆದ ಸಂಗತಿಗಳನ್ನು ಪರಿಶೀಲಿಸಿ, ಇನ್ನು ಮುಂದೆ ಅವು ನಡೆಯದಂತೆಯೂ, ನಡೆದರೆ ಇಷ್ಟೇ ಚೆನ್ನಾಗಿ ನಡೆಯುವಂತೆಯೂ ನೋಡಿಕೊಳ್ಳಲು ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

೧. ವಿದೇಶದಲ್ಲಿ ಮೊಬೈಲಿಗೆ ಇಂಟರ್ನೆಟ್ ಸಿಗಲು ನಾಲ್ಕು ದಾರಿಗಳಿವೆಯೆಂದು ಇಲಾಖೆಯ ಗಮನಕ್ಕೆ ಬಂದಿದೆ: ಊರಿನ ಸಿಮ್‌ಗೇ ಹಾಕಿಸಿಕೊಳ್ಳುವ ರೋಮಿಂಗ್ ಪ್ಯಾಕ್, ಆ ದೇಶದಲ್ಲಿ ಇಳಿದು ಕೊಳ್ಳುವ ಸಿಮ್, ಕೈಗೆ ಸಿಗದೆ ಮೊಬೈಲಿನೊಳಗೇ ಇರುತ್ತದೆಂದು ನಂಬಬೇಕಾದ ಇ-ಸಿಮ್, ಮತ್ತು ಕಂಡವರ ವೈ-ಫೈ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ತೀರ್ಮಾನಿಸಲು ನೇಮಕವಾದ ಉಪಸಮಿತಿಯು, ತಂಡವು ಹೋಗಿ ವಾಪಸ್ ಬಂದ ಮರುದಿನ ತನ್ನ ಮೊದಲ ಸಭೆಯನ್ನು ಯಶಸ್ವಿಯಾಗಿ ನಡೆಸಿದೆ. ಆದಕಾರಣ ತಂಡದ ಮೂವರೂ ತಮಗೆ ತೋಚಿದಂತೆ ಮಾಡಿಕೊಂಡಿದ್ದರು.

೨. ತಂಡದ ಮುಖ್ಯಸ್ಥರಾದ ಉಪನಿರ್ದೇಶಕರು ಯಾವ ಆಯ್ಕೆಯನ್ನೂ ಮಾಡಿಕೊಳ್ಳಲಿಲ್ಲ. "ವೈ-ಫೈ ಅನ್ನೋದು ಅಲ್ಲೆಲ್ಲ ಗಾಳಿ ಇದ್ದ ಹಾಗೆ ಕಣ್ರೀ. ಉಸಿರಾಡೋಕೆ ಯಾರಾದ್ರೂ ಪ್ಯಾಕ್ ಹಾಕಿಸ್ತಾರಾ?" ಎಂಬುದು ಅವರ ಅಭಿಪ್ರಾಯವಾಗಿತ್ತು. ಮೊದಲ ದಿನವೇ ಅವರು ಬಾಗಿಲು ಹಾಕಿದ್ದ ಚಪ್ಪಲಿ ಅಂಗಡಿಯೊಂದರ ಗೋಡೆಗೆ ಒರಗಿ, ಮೊಬೈಲನ್ನು ಕಿಟಕಿಗೆ ಹಿಡಿದು ನಿಂತಿದ್ದುದು ಕಂಡುಬಂದಿದೆ. ಎರಡನೆಯ ದಿನ ಕ್ಷೌರದಂಗಡಿಯ ವೈ-ಫೈಗಾಗಿ ಅವರು ಕ್ಷೌರ ಮಾಡಿಸಿಕೊಂಡಿದ್ದು, ಮೇಲ್ ಪೂರ್ತಿ ಇಳಿಯದ ಕಾರಣ ಅಲ್ಲಿಯೇ ಕುಳಿತು ಮತ್ತೊಮ್ಮೆ ಮಾಡಿಸಿಕೊಂಡಿದ್ದಾರೆ. ಆದ್ದರಿಂದ ಉಪನಿರ್ದೇಶಕರ ದರ್ಜೆ ಮತ್ತು ಮೇಲ್ಪಟ್ಟ ಅಧಿಕಾರಿಗಳು ಮುಚ್ಚಿದ ಅಂಗಡಿಗಳಿಗೆ ಒರಗತಕ್ಕದ್ದಲ್ಲ. ತಲೆಯಲ್ಲಿ ಕೂದಲು ಇರುವಷ್ಟಕ್ಕೆ ಮಾತ್ರ ಕ್ಷೌರದಂಗಡಿಯ ಸಂಪರ್ಕವನ್ನು ಬಳಸತಕ್ಕದ್ದು.

೩. ತಂಡದ ಬೆರಳಚ್ಚುಗಾರ್ತಿಯವರಿಗೆ ಅವರ ಅಳಿಯಂದಿರು ಇ-ಸಿಮ್ ಕೊಡಿಸಿದ್ದರು. "ಅತ್ತೆ, ಚೌಕಾಕಾರದ ಒಂದು ಚಿತ್ರ ಬರುತ್ತೆ, ಸ್ಕ್ಯಾನ್ ಮಾಡಿದ್ರೆ ಮುಗೀತು" ಎಂದು ತಿಳಿಸಲಾಗಿತ್ತು. ಚಿತ್ರವು ಬಂತು. ಆದರೆ ಯಾವ ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡಬೇಕಿತ್ತೋ ಅದೇ ಮೊಬೈಲಿಗೆ ಬಂತು. ಬೆರಳಚ್ಚುಗಾರ್ತಿಯವರು ಹೋಟೆಲ್ ಕೋಣೆಯ ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ಪ್ರಯತ್ನಿಸಿದ್ದಾರೆ. ಕನ್ನಡಿಯಲ್ಲಿ ಮೊಬೈಲಿನ ಬೆನ್ನು ಮತ್ತು ತಮ್ಮ ಮುಖ ಮಾತ್ರ ಕಂಡಿತೆಂದೂ, ಎರಡನ್ನೂ ಸ್ಕ್ಯಾನ್ ಮಾಡಲು ಸಾಧ್ಯವಾಗಲಿಲ್ಲವೆಂದೂ ವರದಿ ಮಾಡಿದ್ದಾರೆ. ಇನ್ನು ಮುಂದೆ ಸದರಿ ಚಿತ್ರವನ್ನು ಹೊರಡುವ ಮುನ್ನವೇ ಕಾಗದದ ಮೇಲೆ ಮುದ್ರಿಸಿಕೊಳ್ಳತಕ್ಕದ್ದು. ಕನ್ನಡಿಯನ್ನು ಎರಡನೆಯ ಮೊಬೈಲ್ ಎಂದು ಪರಿಗಣಿಸಲಾಗುವುದಿಲ್ಲ.

೪. ಅಧೀಕ್ಷಕರು ಮಾತ್ರ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡಿದ್ದರು. ವಿಮಾನದ ಬಾಗಿಲು ತೆರೆಯುತ್ತಿದ್ದಂತೆಯೇ ಅವರ ಮೊಬೈಲು ಟಣ್ ಟಣ್ ಎಂದಿತು. ಮಿಕ್ಕ ಇಬ್ಬರದು ಕಲ್ಲಿನಂತೆ ತಣ್ಣಗಿತ್ತು. ಅಧೀಕ್ಷಕರು ತಮ್ಮ ಇಂಟರ್ನೆಟ್ಟನ್ನು ಹಾಟ್‌ಸ್ಪಾಟ್ ಮೂಲಕ ಇಬ್ಬರಿಗೂ ಹಂಚಲು ಒಪ್ಪಿದ್ದು ಶ್ಲಾಘನೀಯ. ಆದರೆ ಇಪ್ಪತ್ತು ವರ್ಷ ಕಡತ ಹಿಡಿದು ಉಪನಿರ್ದೇಶಕರ ಬಾಗಿಲಲ್ಲಿ ಕಾದಿದ್ದ ಅವರ ಹಿಂದೆ ಈಗ ಉಪನಿರ್ದೇಶಕರೇ ಮೊಬೈಲ್ ಹಿಡಿದು ನಡೆಯಬೇಕಾಯಿತು. ಅಧೀಕ್ಷಕರು ಬಲಕ್ಕೆ ತಿರುಗಿದರೆ ತಂಡ ಬಲಕ್ಕೆ, ಎಡಕ್ಕೆ ತಿರುಗಿದರೆ ತಂಡ ಎಡಕ್ಕೆ. "ಯಾಕೆ ಬೇಕು ಹೇಳಿ ಸಾರ್. ಮೇಲ್ ನೋಡೋದಾದ್ರೆ ಆನ್ ಮಾಡ್ತೀನಿ. ವಿಡಿಯೋ ಅಂದ್ರೆ ಆಗಲ್ಲ, ಬ್ಯಾಟರಿ ಪ್ರಶ್ನೆ" ಎಂದು ಅವರು ವಿಚಾರಣೆ ನಡೆಸತೊಡಗಿದರೆಂದೂ, ಉಪನಿರ್ದೇಶಕರು ಒಮ್ಮೆ ಬಾಯಿತಪ್ಪಿ ಅವರಿಗೇ "ಸಾರ್" ಎಂದರೆಂದೂ ತಿಳಿದುಬಂದಿದೆ. ಇನ್ನು ಮುಂದೆ ಹಾಟ್‌ಸ್ಪಾಟ್ ಉಳ್ಳವರು ಅದನ್ನು ಆನ್ ಮಾಡಲು ಟಿಪ್ಪಣಿ, ಕಾರಣ ಅಥವಾ ಕಾಫಿ ಕೇಳತಕ್ಕದ್ದಲ್ಲ.

೫. ಹಾಟ್‌ಸ್ಪಾಟ್ ಉಳ್ಳವರು ಶೌಚಾಲಯಕ್ಕೆ ಹೋಗುವ ಮುನ್ನ ತಂಡಕ್ಕೆ ತಿಳಿಸತಕ್ಕದ್ದು. ತಂಡವು ಬಾಗಿಲ ಹೊರಗೆ ಗೌರವಯುತ ಅಂತರದಲ್ಲಿ ನಿಂತು ಸಂಪರ್ಕವನ್ನು ಮುಂದುವರಿಸಬಹುದು. ಬೇಗ ಬರುವಂತೆ ಒತ್ತಾಯಿಸುವಂತಿಲ್ಲ. ಸದರಿಯವರನ್ನು "ಹಾಟ್‌ಸ್ಪಾಟ್ ಸಾಹೇಬ್ರು" ಎಂದು ಲಿಖಿತವಾಗಿ ಕರೆಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಬಾಯಿಮಾತಿನಲ್ಲಿ ನಿಷೇಧಿಸಿ ಪ್ರಯೋಜನವಿಲ್ಲವೆಂದು ಮನಗಾಣಲಾಗಿದೆ.

೬. ಈಗ ಮುಖ್ಯ ವಿಷಯಕ್ಕೆ ಬರಲಾಗಿದೆ. ಬೆರಳಚ್ಚುಗಾರ್ತಿಯವರ ಒಬ್ಬಳೇ ಮಗಳು ಊರಿನಲ್ಲಿ ತುಂಬು ಗರ್ಭಿಣಿಯಾಗಿದ್ದಳು. ಇನ್ನೂ ಸಮಯವಿದೆಯೆಂದು ವೈದ್ಯರು ಹೇಳಿದ್ದರಿಂದ, ಮತ್ತು "ಹೋಗಿ ಬಾಮ್ಮ, ಜೀವನದಲ್ಲಿ ಒಂದ್ಸಲ ವಿಮಾನ ಹತ್ತು" ಎಂದು ಮಗಳೇ ಹಟ ಹಿಡಿದದ್ದರಿಂದ ಅವರು ಹೊರಟಿದ್ದರು. ಸಮ್ಮೇಳನದ ಮೂರನೆಯ ಮಧ್ಯಾಹ್ನ ಮೂವರೂ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಅಧೀಕ್ಷಕರ ಹಾಟ್‌ಸ್ಪಾಟ್ ಮೂಲಕ ಅಳಿಯಂದಿರಿಂದ ವಿಡಿಯೋ ಕರೆ ಬಂತು. ಆಸ್ಪತ್ರೆಯ ಕಾರಿಡಾರು, ಕೆದರಿದ ತಲೆ, ಒಣಗಿದ ತುಟಿ. "ಅತ್ತೆ, ಬೆಳಿಗ್ಗೆಯಿಂದ ನೋವು. ಒಳಗೆ ಕರ್ಕೊಂಡು ಹೋಗಿದಾರೆ. ಈಗ ತಾನೆ ಡಾಕ್ಟ್ರು ಹೊರಗೆ ಬಂದು ಏನ್ ಹೇಳಿದ್ರು ಅಂದ್ರೆ..."

ಅಷ್ಟರಲ್ಲಿ ಕರೆ ಕಡಿದುಹೋಯಿತು. ನಿಲ್ದಾಣದ ಪಕ್ಕದಲ್ಲಿ ಗಡಿಯಾರದ ಅಂಗಡಿಯೊಂದು ಕಂಡದ್ದರಿಂದ, ಫೋಟೋ ತೆಗೆದು ಹತ್ತುತ್ತೇನೆಂದು ಅಧೀಕ್ಷಕರು ಕೆಳಗಿಳಿದಿದ್ದರು. ಬಾಗಿಲು ಮುಚ್ಚಿ ಟ್ರಾಮು ಹೊರಟಿತ್ತು. ಅಧೀಕ್ಷಕರೂ ಇಂಟರ್ನೆಟ್ಟೂ ಒಟ್ಟಿಗೇ ಹಿಂದೆ ಉಳಿದರು.

೭. ವೈದ್ಯರು ಏನು ಹೇಳಿದರೆಂಬುದು ತಿಳಿಯದ ಆ ಹೊತ್ತಿನಲ್ಲಿ ಬೆರಳಚ್ಚುಗಾರ್ತಿಯವರು ಅಳಲಿಲ್ಲವೆಂದು ಉಪನಿರ್ದೇಶಕರ ವರದಿಯಲ್ಲಿದೆ. ಅವರು ಕಪ್ಪಗಾದ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಇಷ್ಟು ವರ್ಷಗಳ ಸೇವೆಯಲ್ಲಿ ಮೇಲಧಿಕಾರಿಗಳ ಮುಂದೆ ಎಂದೂ ಆಡದ ದನಿಯಲ್ಲಿ ಕೇಳಿದರು: "ಎಲ್ಲಾ ಕಡೆ ಗಾಳಿ ಇರುತ್ತೆ ಅಂದ್ರಲ್ಲ ಸಾರ್, ಎಲ್ಲಿ? ಕೊಡಿ ಈಗ."

ಈ ವರ್ತನೆಯು ನಡತೆ ನಿಯಮಗಳ ಉಲ್ಲಂಘನೆಯೇ ಎಂಬುದನ್ನು ಪರಿಶೀಲಿಸಲಾಗಿ, ಅಲ್ಲವೆಂದು ತೀರ್ಮಾನಿಸಲಾಗಿದೆ. ಅತ್ತ ಬೀಗಿತ್ತಿಯವರು ಕಚೇರಿಗೆ ಫೋನ್ ಮಾಡಿ ಉಲ್ಲೇಖ (ಆ)ದ ಪ್ರಶ್ನೆ ಕೇಳಿದ್ದೂ ಇದೇ ಹೊತ್ತಿನಲ್ಲಿ.

೮. ಉಪನಿರ್ದೇಶಕರು ಮುಂದಿನ ನಿಲ್ದಾಣದಲ್ಲಿ ಆಕೆಯನ್ನು ಕರೆದುಕೊಂಡು ಇಳಿದರು. ಎದುರಿಗೆ ಬಟ್ಟೆ ಒಗೆಯುವ ಲಾಂಡ್ರಿಯೊಂದಿತ್ತು. ಗಾಜಿನ ಮೇಲೆ ವೈ-ಫೈ ಗುರುತು ಅಂಟಿಸಿತ್ತು. ನಿವೃತ್ತಿಯ ಅಂಚಿನಲ್ಲಿರುವ, ಕಚೇರಿಯಲ್ಲಿ ಮೆಟ್ಟಿಲನ್ನು ಒಂದೊಂದಾಗಿ ಎಣಿಸಿ ಹತ್ತುವ ಉಪನಿರ್ದೇಶಕರು ರಸ್ತೆ ದಾಟಿ ಓಡಿದರು. ಪಾಸ್‌ವರ್ಡು ರಸೀದಿಯ ಮೇಲೆ ಮಾತ್ರ ಇರುತ್ತದೆಂದೂ, ರಸೀದಿಯು ಬಟ್ಟೆ ಕೊಟ್ಟವರಿಗೆ ಮಾತ್ರವೆಂದೂ ಅಂಗಡಿಯ ಒಡತಿಯು ಕೈಸನ್ನೆಯಿಂದ ತಿಳಿಸಿದರು. ಕೊಡಲು ಬೇರೆ ಬಟ್ಟೆ ಇರಲಿಲ್ಲ. ಉಪನಿರ್ದೇಶಕರು ಸಮ್ಮೇಳನಕ್ಕೆಂದೇ ಹೊಲಿಸಿದ್ದ ತಮ್ಮ ಕೋಟನ್ನು ಅಲ್ಲಿಯೇ ಬಿಚ್ಚಿ ಕೊಟ್ಟರು. ಮರುದಿನ ಅವರು ಓದಬೇಕಿದ್ದ ಪ್ರಬಂಧವು ಒಳಜೇಬಿನಲ್ಲಿಯೇ ಇತ್ತೆಂಬುದು ಕೋಟು ನೀರಿಗೆ ಬಿದ್ದ ಮೇಲೆ ನೆನಪಾಗಿದೆ.

೯. ಕರೆ ಸೇರಿತು. ಅಳಿಯಂದಿರ ಮುಖ ಕಂಡಿತು, ತುಟಿ ಅಲ್ಲಾಡುತ್ತಿತ್ತು. ಆದರೆ ಸಾಲಾಗಿ ಸುತ್ತುತ್ತಿದ್ದ ಯಂತ್ರಗಳ ಗಡಗಡದಲ್ಲಿ ಒಂದಕ್ಷರವೂ ಕೇಳಲಿಲ್ಲ. ಬೆರಳಚ್ಚುಗಾರ್ತಿಯವರು "ಏನಪ್ಪಾ? ಏನಂದೆ? ಅವಳು ಹೇಗಿದಾಳೆ?" ಎಂದು ಕೂಗುತ್ತಲೇ ಇದ್ದರು. ಲಾಂಡ್ರಿಯ ಒಡತಿಗೆ ಈ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಆಕೆ ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ಮೊಬೈಲಿನಲ್ಲಿದ್ದ ಆಸ್ಪತ್ರೆಯ ಗೋಡೆ ನೋಡಿದರು. ನೇರ ಹೋಗಿ ಅಷ್ಟೂ ಯಂತ್ರಗಳನ್ನು ನಿಲ್ಲಿಸಿಬಿಟ್ಟರು.

ಅಂಗಡಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಒಂದು ಹಸುಗೂಸು ಗಂಟಲು ಹರಿಯುವಂತೆ ಅಳುವುದು ಕೇಳಿಸಿತು.

"ಎಲ್ಲಿ ಹೋಗ್ಬಿಟ್ರಿ ಅತ್ತೆ! ಆಯ್ತು, ಹೆಣ್ಣು ಮಗು! ಅವಳೂ ಚೆನ್ನಾಗಿದಾಳೆ, 'ಅಮ್ಮ ಊಟ ಮಾಡಿದ್ಲಾ' ಅಂತ ಕೇಳ್ತಿದಾಳೆ!"

ಆಗ ಮಾತ್ರ ಬೆರಳಚ್ಚುಗಾರ್ತಿಯವರು ಅತ್ತರೆಂದು ದಾಖಲಿಸಲಾಗಿದೆ. ಉಪನಿರ್ದೇಶಕರ ಕಣ್ಣಿಗೆ ಸೋಪಿನ ಪುಡಿ ಬಿದ್ದಿತ್ತೆಂದು ಅವರೇ ತಮ್ಮ ವರದಿಯಲ್ಲಿ ತಿಳಿಸಿದ್ದು, ಅದನ್ನು ಹಾಗೆಯೇ ಸ್ವೀಕರಿಸಲಾಗಿದೆ.

೧೦. ಸ್ವಲ್ಪ ಹೊತ್ತಿಗೆ ಲಾಂಡ್ರಿಯ ಮುಂದೆ ಅಧೀಕ್ಷಕರು ಕಾಣಿಸಿಕೊಂಡರು. ಹೊರಟ ಟ್ರಾಮಿನ ಕಿಟಕಿಯಲ್ಲಿ ಬೆರಳಚ್ಚುಗಾರ್ತಿಯವರ ಮುಖ ನೋಡಿದವರೇ, ಹಾಟ್‌ಸ್ಪಾಟ್ ಆನ್ ಮಾಡಿದ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ಹಳಿಯ ಪಕ್ಕದಲ್ಲಿ ಅಲ್ಲಿಯವರೆಗೂ ಓಡಿಬಂದಿದ್ದರು. ಷರ್ಟು ತೊಯ್ದು ಮೈಗಂಟಿತ್ತು. "ಬಂತಾ ಅಕ್ಕಾ? ನೆಟ್ ಬಂತಾ? ಎಷ್ಟು ಬೇಕಾದ್ರೂ ನೋಡಿ, ವಿಡಿಯೋನೇ ನೋಡಿ!" ಎಂದು ಏದುಸಿರಿನಲ್ಲಿ ನುಡಿದು ಒಗೆದ ಬಟ್ಟೆಯ ಬುಟ್ಟಿಯ ಮೇಲೆ ಕುಸಿದು ಕುಳಿತರು. ಬೆರಳಚ್ಚುಗಾರ್ತಿಯವರು ಅವರಿಗೆ ಮೊದಲು ನೀರು ಕೊಟ್ಟರು, ನಂತರ ಮಗುವನ್ನು ತೋರಿಸಿದರು, ಕೊನೆಯಲ್ಲಿ ಬೈದರು. ಈ ಕ್ರಮವನ್ನು ಇಲಾಖೆಯು ಮಾದರಿಯಾಗಿ ಅಂಗೀಕರಿಸಿದೆ.

೧೧. ಮರುದಿನ ಉಪನಿರ್ದೇಶಕರು ಅಧೀಕ್ಷಕರ ಬಿಗಿಯಾದ ಸ್ವೆಟರು ತೊಟ್ಟು, ಪ್ರಬಂಧವಿಲ್ಲದೆ ಬಾಯಿಂದಲೇ ಧೂಳಿನ ಬಗ್ಗೆ ಮಾತನಾಡಿ ಮೆಚ್ಚುಗೆ ಗಳಿಸಿದರು. ಕೋಟು ಒಗೆತದ ಖರ್ಚನ್ನು ಇಂಟರ್ನೆಟ್ ಖರ್ಚೆಂದು ತೋರಿಸಿರುವುದಕ್ಕೆ ಲೆಕ್ಕಪತ್ರ ಶಾಖೆಯು ಎತ್ತಿದ ಆಕ್ಷೇಪಣೆಯನ್ನು, ಮಗುವಿನ ಫೋಟೋ ಲಗತ್ತಿಸಿದ ಮೇಲೆ ಸದರಿ ಶಾಖೆಯೇ ಹಿಂಪಡೆದಿದೆ. ಫೋಟೋ ಮಾತ್ರ ಇನ್ನೂ ಆ ಶಾಖೆಯಿಂದ ವಾಪಸ್ ಬಂದಿಲ್ಲ.

೧೨. ಮೇಲ್ಕಂಡ ಕಾರಣಗಳಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಕ) ವಿದೇಶಕ್ಕೆ ತೆರಳುವ ಪ್ರತಿಯೊಬ್ಬರೂ ತಮ್ಮದೇ ಆದ ಇಂಟರ್ನೆಟ್ ಹೊಂದಿರತಕ್ಕದ್ದು. ಅಲ್ಲಿಯ ಸಿಮ್ ಹಾಕಿಕೊಳ್ಳುವವರು ಬಿಚ್ಚಿದ ಊರಿನ ಸಿಮ್ಮನ್ನು ಬಾಯಲ್ಲಿ ಇಟ್ಟುಕೊಂಡು ಮಾತನಾಡತಕ್ಕದ್ದಲ್ಲ.

(ಖ) ಹಾಟ್‌ಸ್ಪಾಟ್ ಉಳ್ಳವರು ಟ್ರಾಮು, ಬಸ್ಸು, ರೈಲುಗಳಿಂದ ಎಲ್ಲರಿಗಿಂತ ಕೊನೆಗೆ ಇಳಿಯತಕ್ಕದ್ದು. ಗಡಿಯಾರದ ಅಂಗಡಿಗಳನ್ನು ಒಳಗಿನಿಂದಲೇ ನೋಡತಕ್ಕದ್ದು.

(ಗ) ತಂಡದ ಒಬ್ಬರಾದರೂ ಅಧಿಕಾರಿ ಸದಾ ಬಿಚ್ಚಿ ಕೊಡಬಹುದಾದ ಕೋಟನ್ನು ಧರಿಸಿರತಕ್ಕದ್ದು. ಅದರ ಜೇಬು ಖಾಲಿ ಇರಬೇಕು.

(ಘ) ಸಿಬ್ಬಂದಿಯ ಮನೆಗಳಲ್ಲಿ ಹುಟ್ಟಲಿರುವ ಮಕ್ಕಳು ಪ್ರವಾಸದ ವೇಳಾಪಟ್ಟಿಯನ್ನು ಗಮನದಲ್ಲಿರಿಸಿಕೊಳ್ಳಬೇಕೆಂದು ಕೋರಲಾಗಿದೆ. ಕೋರಿಕೆಯನ್ನು ಪಾಲಿಸದ ಮಕ್ಕಳ ಮೇಲೆ ಯಾವುದೇ ಕ್ರಮ ಜರುಗಿಸಲಾಗುವುದಿಲ್ಲ, ಎತ್ತಿಕೊಳ್ಳಲಾಗುವುದು.

ಈ ಆದೇಶವು ಹೊರಡಿಸಿದ ಕ್ಷಣದಿಂದ, ಅಥವಾ ಸಿಗ್ನಲ್ ಸಿಕ್ಕ ಕ್ಷಣದಿಂದ, ಯಾವುದು ನಂತರವೋ ಆಗಿನಿಂದ ಜಾರಿಗೆ ಬರುತ್ತದೆ.

(ಸಹಿ ಇದೆ, ಓದಲು ಬರುವಂತಿಲ್ಲ)
ಪ್ರಭಾರ ಅಧೀನ ಕಾರ್ಯದರ್ಶಿ
ಪ್ರವಾಸ, ಸಂಪರ್ಕ ಮತ್ತು ಇತರೆ ಗಾಬರಿಗಳ ಶಾಖೆ

ಪ್ರತಿಗಳು:

— ಉಪನಿರ್ದೇಶಕರಿಗೆ, ಒಂದು ಅಳತೆ ಕಿರಿದಾಗಿ ಮರಳಿರುವ ಕೋಟಿನೊಂದಿಗೆ.
— ಅಧೀಕ್ಷಕರಿಗೆ, ಅವರ ಹಾಟ್‌ಸ್ಪಾಟ್ ವ್ಯಾಪ್ತಿಯೊಳಗೆ ನಿಂತು ಕಳುಹಿಸಲಾಗಿದೆ.
— ಬೆರಳಚ್ಚುಗಾರ್ತಿಯವರಿಗೆ. ಅವರು ಮಗಳ ಬಾಣಂತನದ ಸಲುವಾಗಿ ರಜೆಯಲ್ಲಿರುವುದರಿಂದ ಈ ಸುತ್ತೋಲೆಯನ್ನು ಬೇರೆಯವರು ಟೈಪ್ ಮಾಡಿದ್ದು, ತಪ್ಪುಗಳನ್ನು ಅವರು ಬಂದ ಮೇಲೆ ತಿದ್ದಲಾಗುವುದು.
— ಬೀಗಿತ್ತಿಯವರಿಗೆ, ಮನುಷ್ಯರೂ ಇದ್ದೇವೆ ಎಂಬ ಅರಿಕೆಯೊಂದಿಗೆ.
— ಕಚೇರಿ ಕಡತಕ್ಕೆ, ಧೂಳು ಹಿಡಿಯಲು.
— ಲಾಂಡ್ರಿಯ ಒಡತಿಗೆ. ಭಾಷೆ ಬಾರದ ಕಾರಣ ಸುತ್ತೋಲೆಯನ್ನು ತೆಗೆದು, ಅಜ್ಜಿಯ ತೊಡೆಯ ಮೇಲೆ ಮಗು ಆಕಳಿಸುತ್ತಿರುವ ಚಿತ್ರವನ್ನಷ್ಟೇ ಲಕೋಟೆಯಲ್ಲಿ ಇಡಲಾಗಿದೆ.